ಶುಕ್ರವಾರದ ಮೂರು ನಿಮಿಷ

ಮೂರನೆಯ ಸಲ ಸೋಪು ಹಚ್ಚಿ ಉಜ್ಜಿದರೂ ನೀಲಿ ಶರ್ಟಿನ ಬೆನ್ನಿಗಂಟಿದ ಗ್ರೀಸು ಹೋಗಲಿಲ್ಲ. ವಿಂಧ್ಯಾ ಶರ್ಟನ್ನು ಬೆಳಕಿಗೆ ಹಿಡಿದು ನೋಡಿದಳು. ನಾಲ್ಕು ಬೆರಳು. ಎಡ ಹೆಗಲಿನ ಕೆಳಗೆ, ಗಂಡನ ಸ್ವಂತ ಕೈ ಎಂದೂ ತಲುಪದ ಜಾಗದಲ್ಲಿ.

ಬೆರಳುಗಳು ತೆಳ್ಳಗಿದ್ದವು. ಅದನ್ನು ಅವಳು ಮೊದಲ ಸಲ ಉಜ್ಜುವಾಗಲೇ ಗಮನಿಸಿದ್ದಳು.

ಮನೆಯ ಪಕ್ಕದ ಶೆಡ್ಡಿನಲ್ಲಿ ಇಂಜಿನ್ನು ಗುರುಗುಟ್ಟಿತು. ಮೂರು ಹೆಜ್ಜೆ ಸರಿಯಾಗಿಟ್ಟು ನಾಲ್ಕನೆಯದಕ್ಕೆ ಎಡವಿತು, ಮತ್ತೆ ಮೂರು, ಮತ್ತೆ ಎಡವು. ಅದರ ಹಿಂದೆಯೇ ಹೆಣ್ಣಿನ ನಗು ಕೇಳಿತು.

"ಅರೆ ರಘು, ನಿನ್ನ ಮುದುಕಿಗೆ ಇನ್ನೂ ಕೆಮ್ಮು ನಿಂತಿಲ್ಲ ಕಣೋ."

ರಘು. ಮದುವೆಯಾಗಿ ಇಪ್ಪತ್ತೊಂದು ವರ್ಷವಾದರೂ ವಿಂಧ್ಯಾಳ ಬಾಯಲ್ಲಿ ಅವನು 'ರೀ'. ಆ ಹೆಸರನ್ನು ಅವಳು ಮೊನ್ನೆ ಬಚ್ಚಲುಮನೆಯಲ್ಲಿ ಒಬ್ಬಳೇ ನಿಂತು ಹೇಳಿ ನೋಡಿದ್ದಳು. ಬೇರೆಯವರ ಚಪ್ಪಲಿ ಮೆಟ್ಟಿದ ಹಾಗಾಗಿತ್ತು.

ನಗುತ್ತಿದ್ದವಳು ಕೃಪಾ. ವಡೋದರಾದಲ್ಲಿ ರಘುರಾಮನ ಜೊತೆ ಇಂಜಿನಿಯರಿಂಗ್ ಓದಿದವಳು, ಈಗ ಅಲ್ಲೇ ಹಳೆಯ ಕಾರುಗಳ ಗ್ಯಾರೇಜು ಇಟ್ಟವಳು. ಮೂರು ಭಾನುವಾರಗಳಿಂದ ತನ್ನ ಜೀಪಿನಲ್ಲಿ ಚಾಂದ್‌ಖೇಡಾದ ಈ ಮನೆಗೆ ಬರುತ್ತಿದ್ದಳು, ಶೆಡ್ಡಿನಲ್ಲಿದ್ದ 'ಮುದುಕಿ' ಕಾರನ್ನು ಸರಿಮಾಡಲು. ರಘುರಾಮನ ಅಪ್ಪ ರೈಲ್ವೆಯಲ್ಲಿದ್ದಾಗ ಕೊಂಡ ಫಿಯೆಟ್ಟು ಅದು. ಹೊಸ ಮದುವಣಗಿತ್ತಿ ವಿಂಧ್ಯಾ ತುಮಕೂರಿನಿಂದ ಬಂದಿಳಿದಾಗ ಅಹಮದಾಬಾದಿನ ಸ್ಟೇಷನ್ನಿನಿಂದ ಅವಳನ್ನು ಮನೆಗೆ ಕರೆತಂದದ್ದೂ ಅದೇ. ಆಮೇಲೆ ರಘುರಾಮನಿಗೆ ನಾಲ್ಕು ವರ್ಷ ತ್ರಿಪುರಾಕ್ಕೆ ವರ್ಗವಾಯಿತು. ಮಗಳ ಓದಿಗಾಗಿ ತಾಯಿ ಮಗಳು ಇಲ್ಲೇ ಉಳಿದರು, ಕಾರೂ ಉಳಿಯಿತು. ಈಗ ಅವನು ಮರಳಿದ್ದಾನೆ. ಮರಳಿದವನಿಗೆ ಮೊದಲು ನೆನಪಾದದ್ದು ಶೆಡ್ಡು.

ಸೂರತ್ತಿನ ಹಾಸ್ಟೆಲಿನಿಂದ ಮಗಳು ತನ್ವಿ ಹೋದ ವಾರ ಫೋನಿನಲ್ಲಿ ಅಂದಿದ್ದಳು, "ಅಮ್ಮ, ಅಪ್ಪಾ ಫೋಟೊ ಕಳ್ಸಿದ್ರು. ಆ ಆಂಟಿ ಎಷ್ಟು ಕೂಲ್ ಅಲ್ವಾ?"

"ಹೂಂ, ತುಂಬಾ ಕೂಲು. ನಮ್ಮನೆ ಫ್ರಿಜ್ಜಿನ ಹಾಗೆ."

ವಿಂಧ್ಯಾ ಶರ್ಟನ್ನು ಬಕೆಟ್ಟಿಗೆ ಹಾಕಿ, ಮೂರು ಲೋಟ ಚಹಾ ಮತ್ತು ಒಗ್ಗರಣೆ ಅವಲಕ್ಕಿಯನ್ನು ತಟ್ಟೆಯಲ್ಲಿಟ್ಟುಕೊಂಡು ಶೆಡ್ಡಿಗೆ ಹೋದಳು.

ಎರಡು ತಲೆಗಳು ಬಾನೆಟ್ಟಿನ ಕೆಳಗೆ ಬಾಗಿದ್ದವು. ಕೃಪಾಳ ಗಿಡ್ಡ ಕೂದಲಿನಲ್ಲಿ ಸುಂದರವಾಗಿ ನರೆ ಬಂದಿತ್ತು. ಅವಳ ಕನ್ನಡಕ ಮೂಗಿನ ತುದಿಗೆ ಜಾರಿತು. ರಘುರಾಮ ಇಂಜಿನ್ನಿನಿಂದ ಕಣ್ಣು ತೆಗೆಯದೆ, ತೋರುಬೆರಳಿನಿಂದ ಅದನ್ನು ಮೇಲೆ ತಳ್ಳಿದ. ಅವಳ ಎರಡೂ ಕೈ ಮಸಿಯಾಗಿದ್ದವು, ನಿಜ. ಆದರೂ ಅಷ್ಟು ಸಲೀಸಾಗಿ? ಆ ಬೆರಳಿಗೆ ದಾರಿ ಮೊದಲೇ ಗೊತ್ತಿದ್ದ ಹಾಗೆ?

"ಬನ್ನಿ ಭಾಭಿ," ಅಂದಳು ಕೃಪಾ. ವಿಂಧ್ಯಾ ಎದುರಿಗಿದ್ದಾಗ ಅವಳು ಗುಜರಾತಿ ಬಿಟ್ಟು ಹಿಂದಿಗೆ ಬರುತ್ತಿದ್ದಳು. ಬಿಚ್ಚಿದ ಪ್ಲಗ್ಗೊಂದನ್ನು ಅಂಗೈಯಲ್ಲಿಟ್ಟು ಗೆಳೆಯನಿಗೆ ತೋರಿಸಿದಳು. "ಹಳೇ ಪೆಟ್ರೋಲು ಖಾಲಿ ಮಾಡಿದ್ವಿ, ಕಾರ್ಬ್ಯುರೇಟರ್ ತೊಳೆದ್ವಿ. ಆದ್ರೂ ಮೂರನೇ ಸಿಲಿಂಡರ್ ಕೆಲಸ ಮಾಡ್ತಿಲ್ಲ. ಈ ಪ್ಲಗ್ ನೋಡು, ಕಾಡಿಗೆ ಥರ ಮಸಿ. ಆಯಿಲ್ ಮೂಸಿದ್ರೆ ಪೆಟ್ರೋಲ್ ವಾಸನೆ. ಸುಮ್ನೆ ನಿಂತ ಗಾಡಿಗೆ ತುಕ್ಕು ಹಿಡಿಯುತ್ತೆ ರಘು. ಮಸಿ ಎಲ್ಲಿಂದ ಬಂತು? ಯಾರಾದ್ರೂ ಸ್ಟಾರ್ಟ್ ಮಾಡ್ತಿದ್ರಾ?"

"ಯಾರು ಮಾಡ್ತಾರೆ? ಶೆಡ್ಡಿಗೆ ಬೀಗ, ಕೀ ಮನೇಲಿ."

ವಿಂಧ್ಯಾ ಯಾರ ಮುಖವನ್ನೂ ನೋಡದೆ ತಟ್ಟೆಯನ್ನು ಸ್ಟೂಲಿನ ಮೇಲಿಟ್ಟಳು.

"ಹಾಗಿದ್ರೆ ವಾಲ್ವ್ ತುಕ್ಕು ಹಿಡಿದು ಅಂಟಿಕೊಂಡಿರ್ಬೇಕು. ಇಂಜಿನ್ ಬಿಚ್ಚಬೇಕು, ಇಲ್ಲಿ ಆಗಲ್ಲ. ನಾನು ವಡೋದರಾಕ್ಕೆ ಎಳೆಸ್ಕೊಂಡು ಹೋಗ್ತೀನಿ. ಎರಡು ತಿಂಗಳ ಕೆಲ್ಸ. ಪ್ರತಿ ಶನಿವಾರ ಬಂದ್ಬಿಡು, ಕಾಲೇಜಿನ ವರ್ಕ್‌ಶಾಪ್ ಥರ ಇಬ್ರೂ ಸೇರಿ ಮಾಡೋಣ."

ರಘುರಾಮನ ಮುಖ ಅರಳಿತು. ಇಪ್ಪತ್ತು ವರ್ಷದ ಹುಡುಗನ ಮುಖ ಅದು. ವಿಂಧ್ಯಾ ಎಂದೂ ನೋಡದಿದ್ದ ಹುಡುಗ, ಆ ಹೆಂಗಸು ದಿನವೂ ನೋಡಿದ್ದ ಹುಡುಗ.

ನಾಲ್ಕು ವರ್ಷ ಕಾದದ್ದು ಇವಳ ಶನಿವಾರಗಳಿಗಾಗಿಯೇ?

ಬಾಯಿ ಬಿಟ್ಟರೆ ಕಾರು ಇಲ್ಲೇ ಉಳಿಯಬಹುದು. ಆದರೆ ಕೆಡಿಸಿದ್ದು ತಾನೇ ಎಂದು ಈ ಹೆಂಗಸಿನ ಮುಂದೆಯೇ ಒಪ್ಪಿಕೊಳ್ಳಬೇಕು. ಬಿಡದಿದ್ದರೆ ಮಾನ ಉಳಿಯುತ್ತದೆ, ಶನಿವಾರಗಳು ಹೋಗುತ್ತವೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. ಕೃಪಾಳಿಗೆ ಬಾರದ ಭಾಷೆಯೊಂದು ತನ್ನ ಬಳಿ ಇದೆಯೆಂದು ಆಗ ಹೊಳೆಯಿತು.

"ರೀ," ಎಂದಳು ಕನ್ನಡದಲ್ಲಿ, ನೆಲ ನೋಡುತ್ತ. "ನಾನೇ ಸ್ಟಾರ್ಟ್ ಮಾಡ್ತಿದ್ದೆ."

"ಏನು?"

"ಪ್ರತಿ ಶುಕ್ರವಾರ. ದೀಪ ಹಚ್ಚಿ, ಕಾರಿಗೂ ಒಂದು ಹೂವಿಡೋಕೆ ಬರ್ತಿದ್ದೆ. ಹಾಗೇ ಒಳಗೆ ಕೂತು ಚೋಕ್ ಎಳೆದು, ನೀವು ಮಾಡ್ತಿದ್ರಲ್ಲ ಹಾಗೆ. ಮೂರು ನಿಮಿಷ. ಆಮೇಲೆ ಆಫ್ ಮಾಡಿ ಹೋಗ್ತಿದ್ದೆ. ಬ್ಯಾಟರಿನೂ ಒಂದ್ಸಲ ಹೊಸದು ಹಾಕ್ಸಿದೀನಿ."

"ನಾಲ್ಕು ವರ್ಷಾನೂ?"

"ನೀವು ರಜಕ್ಕೆ ಬಂದಾಗ ಇಲ್ಲ."

ರಘುರಾಮನ ಕೈಯಲ್ಲಿದ್ದ ಸ್ಪ್ಯಾನರು ಅಲ್ಲೇ ನಿಂತಿತು. ಅವನು ಅವಳನ್ನು ನೋಡಿದ. ಹಾಗೆ ನೋಡಿ ಎಷ್ಟು ಕಾಲವಾಗಿತ್ತೋ, ಅವಳ ಕಿವಿ ಬಿಸಿಯಾಯಿತು.

"ಏನಂತೆ?" ಕೃಪಾ ಇಬ್ಬರನ್ನೂ ನೋಡಿದಳು. ಅವನ ಕಣ್ಣು ಇನ್ನೂ ಹೆಂಡತಿಯ ಮೇಲೇ ಇತ್ತು. ಆ ಒಂದು ಗಳಿಗೆ ಶೆಡ್ಡಿನಲ್ಲಿ ಹೊರಗಿನವಳಾದವಳು ಕೃಪಾ. ಆ ಗಳಿಗೆಯನ್ನು ವಿಂಧ್ಯಾ ನಾಚಿಕೆಯಿಲ್ಲದೆ ಸವಿದಳು.

"ವಾರಕ್ಕೊಮ್ಮೆ ಇವಳು ಸ್ಟಾರ್ಟ್ ಮಾಡ್ತಿದ್ಲಂತೆ," ಅಂದ ಕೊನೆಗೆ. ದೀಪ, ಹೂವು ಎರಡನ್ನೂ ತನ್ನಲ್ಲೇ ಇಟ್ಟುಕೊಂಡ.

ಕೃಪಾ ಹಣೆ ಚಚ್ಚಿಕೊಂಡಳು. ಹಣೆಯೂ ಮಸಿಯಾಯಿತು. "ಚೋಕ್ ಪೂರ್ತಿ ಎಳೆದು, ಬಿಸಿಯಾಗೋ ಮುಂಚೆನೇ ಆಫ್ ಮಾಡ್ತಿದ್ರಾ ಭಾಭಿ? ಹೊಟ್ಟೆ ತುಂಬ ಉಣ್ಸಿ, ಒಂದು ಹೆಜ್ಜೆ ನಡೆಸ್ದೆ ಮಲಗ್ಸಿದೀರಿ. ಮಸಿ ಕಟ್ಟದೆ ಇನ್ನೇನು?"

"ಪೂರ್ತಿ ಹಾಳಾಯ್ತಾ?"

"ಇಲ್ಲ, ಅಲ್ಲಾಡ್ತಾ ಇದ್ದ ವಾಲ್ವ್‌ಗೆ ತುಕ್ಕು ಹಿಡಿಯಲ್ಲ. ಬಿಚ್ಚೋದು ಬೇಡ. ಪ್ಲಗ್, ಆಯಿಲ್ ಬದಲಾಯ್ಸಿ ಹೈವೇಲಿ ಐವತ್ತು ಕಿಲೋಮೀಟರ್ ಓಡ್ಸಿದ್ರೆ ಒಳಗಿನ ಮಸಿ ಸುಟ್ಟು ಹೋಗುತ್ತೆ."

"ಮೆಹಸಾಣಾ ಕಡೆ ಹೋಗೋಣ. ನೀನೂ ಬಾ," ಅಂದ ರಘುರಾಮ ಕೃಪಾಳಿಗೆ.

ವಿಂಧ್ಯಾ ಲೋಟಗಳನ್ನು ಒಂದರೊಳಗೊಂದು ಇಟ್ಟಳು, ಬೇಕಾದ್ದಕ್ಕಿಂತ ಜೋರಾಗಿ. ಕೃಪಾ ಅವಳತ್ತ ಒಮ್ಮೆ ನೋಡಿ, ಅವಲಕ್ಕಿಯ ಕೊನೆಯ ಚಮಚ ಬಾಯಿಗಿಟ್ಟಳು. "ಬೇಡಪ್ಪ. ಗಾಡಿಗೆ ಇಬ್ಬರ ಭಾರ ಸಾಕು."

ಪ್ಲಗ್ಗು, ಆಯಿಲು ಬದಲಾದ ಮೇಲೆ ಗಂಡ ಹೆಂಡತಿ ಇಬ್ಬರೇ ಹೊರಟರು. ಹೈವೇಯಲ್ಲಿ ಅಡಾಲಜ್ ದಾಟುವ ತನಕ ಫಿಯೆಟ್ಟು ಕೆಮ್ಮಿತು. ಹಿಂದೆ ಕಪ್ಪು ಹೊಗೆ ಬಿಟ್ಟಿತು, ಬೈಕಿನವರು ಬೈದುಕೊಂಡು ಮುಂದೆ ಹೋದರು. ಕಲೋಲ್ ದಾಟಿದ ಮೇಲೆ ಎಡವು ಒಂದೊಂದಾಗಿ ತಪ್ಪುತ್ತ ಬಂದು, ಸದ್ದು ಒಂದೇ ಸಮನಾಯಿತು.

"ಮೂರು ನಿಮಿಷ ಒಳಗೆ ಕೂತು ಏನು ಮಾಡ್ತಿದ್ದೆ?"

"ಏನಿಲ್ಲ."

"ಏನಿಲ್ಲಕ್ಕೆ ನಾಲ್ಕು ವರ್ಷಾನಾ?"

ಅವಳು ಕಿಟಕಿಯಾಚೆ ಹರಳುಗಿಡದ ಹೊಲಗಳನ್ನು ನೋಡಿದಳು. "ಇಂಜಿನ್ ಸ್ಟಾರ್ಟ್ ಆದ್ರೆ ನಿಮ್ಮ ಶರ್ಟಿನ ವಾಸನೆ ಬರ್ತಿತ್ತು."

ಅವನು ಗೇರು ಬದಲಾಯಿಸಿದ. "ಫೋನಲ್ಲಿ ಒಂದ್ಸಲನಾದ್ರೂ ಹೇಳ್ಬಾರ್ದಿತ್ತಾ ವಿಂಧ್ಯಾ?"

"ನೀವು ಫೋನಲ್ಲಿ ಕೇಳ್ತಿದ್ದಿದ್ದು ಕಾರು ಹೇಗಿದೆ ಅಂತ. ನಾನು ಹೇಗಿದೀನಿ ಅಂತ ಕೇಳಿದ್ರೆ ಹೇಳ್ತಿದ್ದೆ."

ಅವನ ಕೈ ಗೇರಿನ ಹಿಡಿ ಬಿಟ್ಟು ಅವಳ ಮಂಡಿಯ ಮೇಲೆ ಬಂದು ಕೂತಿತು. "ತಪ್ಪಾಯ್ತು," ಅಂದ. "ಹೇಗಿದೀಯ?"

"ಹೊಟ್ಟೆಕಿಚ್ಚಲ್ಲಿ ಬೇಯ್ತಿದೀನಿ. ಅವಳ ಕನ್ನಡಕ ನೀವ್ಯಾಕೆ ಸರಿ ಮಾಡ್ಬೇಕು?"

ಅವನು ನಕ್ಕ. ಮೊದಲು ಸಣ್ಣಗೆ, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು. ನಗು ನಿಂತ ಮೇಲೂ ಕೈ ಅಲ್ಲೇ ಇತ್ತು. "ಇನ್ನು ಮೇಲೆ ಜಾರಿದ್ರೆ ಜಾರ್ಲಿ ಬಿಡು," ಅಂದ.

ಅವಳಿಗೆ ಹಿತವಾಯಿತು. ಕಿಚ್ಚು ಮಾತ್ರ ಪೂರ್ತಿ ಆರಲಿಲ್ಲ.

ಢಾಬಾದೆದುರು ಇಂಜಿನ್ನು ಆಫ್ ಮಾಡದೆ ಅವನು ಚಹಾ ತರಲು ಇಳಿದ. ವಿಂಧ್ಯಾ ಪಕ್ಕದ ಸೀಟಿಗೆ ಸರಿದು ಸ್ಟಿಯರಿಂಗ್ ಹಿಡಿದಳು. ನಾಲ್ಕು ವರ್ಷ ಇಲ್ಲಿ ಕೂತಿದ್ದಳು, ಒಂದು ಗೇಣೂ ಮುಂದೆ ಹೋಗಿರಲಿಲ್ಲ. ನಾಳೆ ಇವರು ಆಫೀಸಿಗೆ ಹೋದ ಮೇಲೆ ಕೃಪಾಳಿಗೆ ತಾನೇ ಫೋನ್ ಮಾಡಬೇಕು. ಡ್ರೈವಿಂಗು, ಪ್ಲಗ್ಗು, ವಾಲ್ವು, ಎಲ್ಲವನ್ನೂ ಅವಳಿಂದಲೇ ಕಲಿಯಬೇಕು. ಬೇಕಿದ್ದರೆ ವಾರಕ್ಕೊಮ್ಮೆ ರೈಲು ಹತ್ತಿ ವಡೋದರಾಕ್ಕೆ ಹೋಗಬೇಕು. ಆ ಕೈಗಳಿಗೆ ಗೊತ್ತಿರುವುದೆಲ್ಲ ತನ್ನ ಕೈಗಳಿಗೂ ಗೊತ್ತಾಗುವ ತನಕ.

ರಘುರಾಮ ಎರಡು ಲೋಟ ಹಿಡಿದು ಬರುವಷ್ಟರಲ್ಲಿ ಅವಳು ತನ್ನ ಸೀಟಿಗೆ ಮರಳಿದ್ದಳು.

"ಏನು ಯೋಚ್ನೆ?"

"ಏನಿಲ್ಲರೀ," ಎಂದು ಲೋಟ ತೆಗೆದುಕೊಂಡಳು. "ಸಕ್ಕರೆ ಜಾಸ್ತಿ ಹಾಕಿದಾನೆ."