ಮಿಸ್ ಬಾರದ ದಿನ

“ಮಿಸ್ ಎಲ್ಲಿ?” ಎಂದು ಕೇಳುತ್ತಲೇ ಒಂದನೇ ಕ್ಲಾಸಿನ ಪುಟ್ಟಿ ರಸ್ತೆಗೆ ಕಾಲಿಟ್ಟಳು.

ಹಿಂದೆ ನಿಂತಿದ್ದ, ಎಲ್ಲರೂ ‘ಪಿಸುಮಾತು’ ಎಂದು ಕರೆಯುವ ಹುಡುಗಿ ಅವಳ ಬ್ಯಾಗು ಹಿಡಿದು ಎಳೆದುಕೊಂಡಳು. ಲಾರಿಯೊಂದು ಧೂಳೆಬ್ಬಿಸುತ್ತ ಭರ್ರನೆ ಹೋಯಿತು.

ಶಾಲೆ ಇದ್ದದ್ದು ರಸ್ತೆಯ ಆಚೆ. ದಿನಾ ಬೆಳಿಗ್ಗೆ ಗಣಿತದ ಮಿಸ್ ಕೆಂಪು ಬಾವುಟ ಹಿಡಿದು ನಡುರಸ್ತೆಯಲ್ಲಿ ನಿಂತರೆ ಸಾಕು, ಬಸ್ಸು ಲಾರಿಗಳೆಲ್ಲ ಬಾಲ ಮುದುರಿಕೊಂಡು ನಿಲ್ಲುತ್ತಿದ್ದವು. ಇವತ್ತು ಮಿಸ್ ಬಂದಿರಲಿಲ್ಲ. ಬೆಲ್ಲಿಗೆ ಐದೇ ನಿಮಿಷ. ನಿಂತಿದ್ದ ಮಕ್ಕಳಲ್ಲಿ ದೊಡ್ಡವಳೆಂದರೆ ಐದನೇ ಕ್ಲಾಸಿನ ಪಿಸುಮಾತೇ. ಅವಳ ದನಿ ಪಕ್ಕದವರಿಗೂ ಕೇಳಿಸುತ್ತಿರಲಿಲ್ಲ, ಅದಕ್ಕೇ ಆ ಅಡ್ಡಹೆಸರು.

ಹತ್ತಿರದಲ್ಲಿ ಸೈಕಲ್ ರಿಪೇರಿ ಅಂಗಡಿಯಿತ್ತು. ಅಂಗಡಿಯ ಮಾಮ ಯಾವಾಗಲೂ ಮುಖ ಗಂಟಿಕ್ಕಿಕೊಂಡೇ ಇರುತ್ತಿದ್ದ. ಪಿಸುಮಾತು ಹೋಗಿ ಎದುರು ನಿಂತಳು. ಬಾಯಿ ತೆರೆದಳು. ದನಿ ಹೊರಡಲಿಲ್ಲ.

ಮಾಮ ಟ್ಯೂಬನ್ನು ನೀರಿನಲ್ಲಿ ಅದ್ದುತ್ತ, “ಏನಮ್ಮಾ, ಪಂಕ್ಚರಾ?” ಎಂದ.

“ಪಂಕ್ಚರ್ ಅಲ್ಲ ಮಾಮ. ರಸ್ತೆ...”

“ಏನು? ಜೋರಾಗಿ ಹೇಳು.”

“ನಮ್ಮನ್ನ ರಸ್ತೆ ದಾಟಿಸಿ ಮಾಮ.”

ಈ ಸಲ ದನಿ ಎಷ್ಟು ಜೋರಾಗಿ ಬಂತೆಂದರೆ, ಪಕ್ಕದ ಅಂಗಡಿಯ ಟೈಲರ್ ಅತ್ತೆ ಹೊಲಿಯುವುದನ್ನು ನಿಲ್ಲಿಸಿ ತಿರುಗಿ ನೋಡಿದಳು.

ಮಾಮ ಕೈ ಒರೆಸಿಕೊಂಡು ಎದ್ದ. ಅತ್ತೆ ಕೊರಳಲ್ಲಿ ಅಳತೆ ಟೇಪು ನೇತಾಡಿಸಿಕೊಂಡೇ ಬಂದಳು. ಇಬ್ಬರೂ ಕೈ ಚಾಚಿ ನಡುರಸ್ತೆಯಲ್ಲಿ ನಿಂತರು. ಬಸ್ಸಿನ ಡ್ರೈವರ್ ಒಂದೇ ಸಮನೆ ಹಾರ್ನ್ ಒತ್ತಿದ.

“ಒತ್ತಪ್ಪಾ, ಒತ್ತು. ಮಕ್ಕಳು ದಾಟೋವರೆಗೂ ಒತ್ತುತ್ತಾ ಇರು,” ಎಂದಳು ಅತ್ತೆ. ಡ್ರೈವರ್ ನಕ್ಕುಬಿಟ್ಟ.

ಜ್ವರ ಬಿಟ್ಟು ಮಿಸ್ ಬಂದದ್ದು ನಾಲ್ಕನೇ ದಿನ. ಪಿಸುಮಾತನ್ನು ರಸ್ತೆಬದಿಗೆ ಕರೆದು, “ಅತ್ತೆ ಎಲ್ಲ ಹೇಳಿದ್ರು. ಭಯ ಆಗ್ಲಿಲ್ವಾ?” ಎಂದರು.

“ತುಂಬಾ ಆಯ್ತು ಮಿಸ್. ನಿಮ್ಮ ಥರ ಧೈರ್ಯ ನಂಗೆಲ್ಲಿದೆ?”

ಮಿಸ್ ನಕ್ಕರು. “ಮೊದಲನೇ ದಿನ ನನ್ನ ಕಾಲು ಗಡಗಡ ನಡುಗ್ತಿತ್ತು. ಒಬ್ಬ ಡ್ರೈವರ್ ಬಾಯಿಗೆ ಬಂದ ಹಾಗೆ ಬೈದ. ಸಾಕಪ್ಪಾ, ನಾಳೆಯಿಂದ ಬರಲ್ಲ ಅಂದ್ಕೊಂಡೆ. ಅಷ್ಟರಲ್ಲಿ ಒಂದು ಮಗು ಬಂದು ಕೈ ಹಿಡ್ಕೊಂಡ್ತು. ಆಮೇಲೆ ಬಿಡೋದು ಹೇಗೆ?”

ಮಿಸ್ ಮತ್ತೆ ಹೇಳಿದರು. “ಮಲಗಿದ್ದಾಗ ಒಂದೇ ಚಿಂತೆ, ನಾನಿಲ್ದೆ ಈ ಮಕ್ಕಳ ಗತಿ ಏನು ಅಂತ. ಇಷ್ಟು ವರ್ಷ ಒಬ್ಬಳೇ ನಿಂತೆ. ಯಾರನ್ನೂ ಕರೆದೇ ಇರ್ಲಿಲ್ಲ ನೋಡು. ನೀನು ಕರೆದೆ.”

ಮಿಸ್ ಬಾವುಟ ಎತ್ತಿಕೊಂಡು ರಸ್ತೆಗಿಳಿದರು. ದೊಡ್ಡ ಲಾರಿಯೊಂದು ಬರುತ್ತಿತ್ತು. ಬಾವುಟದ ಕೋಲು ಸಣ್ಣಗೆ ನಡುಗುತ್ತಿತ್ತು. ಐದು ವರ್ಷ ಅದರ ಪಕ್ಕದಲ್ಲೇ ಓಡಿಹೋಗಿದ್ದರೂ ಪಿಸುಮಾತು ಆ ನಡುಕವನ್ನು ಕಂಡದ್ದು ಅಂದೇ. ಮಿಸ್ ಮಾತ್ರ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ.

ಲಾರಿ ನಿಂತಿತು. ಮಾಮ, ಅತ್ತೆ ಇಬ್ಬರೂ ಬಂದು ಮಿಸ್‌ನ ಅಕ್ಕಪಕ್ಕ ನಿಂತರು.

ಪಿಸುಮಾತು ಅವತ್ತು ಓಡಲಿಲ್ಲ. ಪುಟ್ಟಿಯ ಕೈ ಹಿಡಿದುಕೊಂಡು, ಮೂವರನ್ನೂ ನೋಡುತ್ತ ನಿಧಾನವಾಗಿ ರಸ್ತೆ ದಾಟಿದಳು.