ಹತ್ತು ದಿನದ ಹಿಂಬಾಗಿಲು

ಒಂದು ಅರಮನೆ. ಅದರೊಳಗೊಬ್ಬ ರಾಜಕುಮಾರಿ. ದಿನಾ ಬೆಳಗಾದರೆ ಅವಳ ಬಾಗಿಲಿಗೆ ಒಬ್ಬ ಬಂದು ನಿಲ್ಲುತ್ತಿದ್ದ.

"ಒಳಗೆ ಬರಲೇ? ಅರಮನೆ ಹೊಸದು ಮಾಡಿಕೊಡ್ತೀನಿ."

"ನಾಳೆ ಬಾ" ಅಂತ ರಾಜಕುಮಾರಿ ಕದ ಹಾಕಿಕೊಳ್ಳುತ್ತಿದ್ದಳು.

ಹೀಗೇ ಇನ್ನೂರು ನಾಳೆಗಳು ಕಳೆದವು. ಇನ್ನೂರ ಒಂದನೆಯ ದಿನ ಅವಳು ಊಟಕ್ಕೆ ಎದ್ದು ಹೋದಾಗ ಅವನು ಕೇಳದೇ ಒಳಗೆ ಬಂದ. ಕಿಟಕಿ ಇದ್ದಲ್ಲಿ ಬಾಗಿಲಿಟ್ಟ, ಬಾಗಿಲಿದ್ದಲ್ಲಿ ಗೋಡೆ ಎಬ್ಬಿಸಿದ. ಹೋಗುವಾಗ ಹಿಂದೆ ಒಂದು ಸಣ್ಣ ಬಾಗಿಲು ಮಾತ್ರ ಉಳಿಸಿದ. "ಹಳೇ ಅರಮನೆಯೇ ಬೇಕು ಅನ್ನಿಸಿದರೆ ಹತ್ತು ದಿನದೊಳಗೆ ಇಲ್ಲಿಂದ ವಾಪಸ್ ಹೋಗು. ಆಮೇಲೆ ಇದೂ ಇರೋದಿಲ್ಲ!"

ಚುಕ್ಕಿಯ ಅಜ್ಜಿ ಬದುಕಿದ್ದಿದ್ದರೆ ಮೊಮ್ಮಗಳ ಕಥೆಯನ್ನು ಹೀಗೇ ಶುರು ಮಾಡುತ್ತಿದ್ದಳೇನೋ.

ಚುಕ್ಕಿಯ ಅರಮನೆ ಎಂದರೆ ಅಂಧ ಮಕ್ಕಳ ಶಾಲೆಯ ಹಿಂಬದಿಯ ಮುದ್ರಣ ಕೋಣೆ. ಅಲ್ಲಿ ಒಂದು ಕಂಪ್ಯೂಟರು, ಒಂದು ಮುದಿ ಬ್ರೈಲ್ ಪ್ರಿಂಟರು. ದಪ್ಪ ಹಾಳೆಯ ಮೇಲೆ ಉಬ್ಬು ಚುಕ್ಕಿಗಳನ್ನು ಒತ್ತುವ ಅದರ ಟಕಟಕ ಇಡೀ ಶಾಲೆಗೆ ಕೇಳುತ್ತಿತ್ತು. ದಿನವಿಡೀ ಚುಕ್ಕಿಗಳ ನಡುವೆ ಕೂರುವವಳಿಗೆ ಮಕ್ಕಳೇ ಇಟ್ಟ ಹೆಸರು ಚುಕ್ಕಿ ಅಕ್ಕ.

ಮತ್ತೆ ಆ ಕೇಳದೇ ಒಳಗೆ ಬಂದವನು? ಕಂಪ್ಯೂಟರಿನ ಅಪ್‌ಡೇಟು!

"ಯಾರ್ರೀ ಇದಕ್ಕೆ ಅಪ್‌ಡೇಟ್ ಹಾಕಿದ್ದು?"

ನಮಸ್ಕಾರವಿಲ್ಲ, ಏನಿಲ್ಲ. ಬಾಗಿಲಲ್ಲಿ ನಿಂತ ರಿಪೇರಿಯವನ ಮೊದಲ ಮಾತೇ ಇದು.

ಚುಕ್ಕಿಗೆ ಉರಿದುಹೋಯಿತು. "ನಾನೇನೂ ಹಾಕಿಲ್ಲ. ದಿನಾ ಕೇಳ್ತಿತ್ತು, ದಿನಾ 'ನಾಳೆ' ಅಂತ ಒತ್ತುತ್ತಿದ್ದೆ. ಊಟ ಮಾಡಿ ಬರೋಷ್ಟರಲ್ಲಿ ತಾನೇ ಹಾಕ್ಕೊಂಡಿದೆ!"

"ಎಷ್ಟು ದಿನ 'ನಾಳೆ' ಅಂದ್ರಿ?"

"...ಒಂದಾರು ತಿಂಗಳು."

ಅವನು ತಿರುಗಿ ನೋಡಿದ. ನಗು ತಡೆಯಲು ಕೆಳತುಟಿ ಕಚ್ಚಿಕೊಂಡಿದ್ದ. ಅವಳ ಕಣ್ಣು ಅವನ ಕಣ್ಣಿಗೆ ಸಿಕ್ಕಿಬಿತ್ತು... ತಕ್ಷಣ ಕಿತ್ತುಕೊಂಡಳು.

*ನಗೋಕೇನಿದೆ ಇದರಲ್ಲಿ? ಇಲ್ಲಿ ನನ್ನ ಪ್ರಾಣ ಹೋಗ್ತಿದೆ!*

ಪ್ರಾಣ ಹೋಗುವ ವಿಷಯವೇ. ಹತ್ತನೇ ತರಗತಿಯಲ್ಲಿ ಹನ್ನೆರಡು ಮಕ್ಕಳು. ಇವತ್ತಿನಿಂದ ಹನ್ನೊಂದನೇ ದಿನ ಓದಿನ ರಜೆ ಶುರು. ಅಷ್ಟರಲ್ಲಿ ವಿಜ್ಞಾನದ ಸಾರಾಂಶವಿರುವ ತೆಳ್ಳಗಿನ ಹನ್ನೆರಡು ಪುಸ್ತಕ ಕೈಗಿಡುತ್ತೇನೆಂದು ಅವಳು ಮಾತು ಕೊಟ್ಟಿದ್ದಳು. ಪುಸ್ತಕವಿಲ್ಲದಿದ್ದರೆ ಮಕ್ಕಳು ಬರಿಗೈಯಲ್ಲಿ ಮನೆಗೆ ಹೋಗಿ, ಬರಿಗೈಯಲ್ಲೇ ಪರೀಕ್ಷೆಗೆ ಬರಬೇಕು.

ರಿಪೇರಿಯವನು ಏನೋ ಒಂದು ಸಾಲು ಟೈಪ್ ಮಾಡಿ ಪ್ರಿಂಟ್ ಕೊಟ್ಟ. ಅವಳು ಕಣ್ಣು ಮುಚ್ಚಿ ಹಾಳೆಯ ಮೇಲೆ ಬೆರಳಾಡಿಸಿದಳು.

"ಇದು ಯಾವ ಭಾಷೆಯೂ ಅಲ್ಲ. ಏನು ಟೈಪ್ ಮಾಡಿದ್ರಿ?"

"ಸುಮ್ನೆ... ಪರೀಕ್ಷೆಗೆ ಒಂದು ಸಾಲು." ಅವನ ಕಿವಿ ಕೆಂಪಾಗಿತ್ತು. "ನೋಡಿ, ಕಂಪ್ಯೂಟರ್ ಹೇಳೋದನ್ನ ಪ್ರಿಂಟರ್‌ಗೆ ತಿಳಿಸೋಕೆ ಡ್ರೈವರ್ ಅಂತ ಒಬ್ಬ ದುಭಾಷಿ ಇರ್ತಾನೆ. ಅಪ್‌ಡೇಟ್ ಅವನನ್ನ ಓಡಿಸಿದೆ. ಪ್ರಿಂಟರ್ ಮಾಡಿದ ಕಂಪನಿ ಬಾಗಿಲು ಹಾಕಿ ಯಾವ ಕಾಲ ಆಯ್ತೋ. ಹೊಸ ದುಭಾಷಿ ಎಲ್ಲಿಂದ ಬರಬೇಕು?"

"ಹಾಗಾದ್ರೆ?"

"ಮೊದಲು ಬೇರೆ ದಾರಿ ನೋಡ್ತೀನಿ. ಯಾವುದೂ ಆಗದಿದ್ರೆ ಹಳೇ ಆವೃತ್ತಿಗೆ ವಾಪಸ್ ಹೋಗೋಣ. ಅದಕ್ಕೆ ಹತ್ತು ದಿನ ಗಡುವು. ಹೋಗೋ ಮುಂಚೆ ನಿಮ್ಮ ಪುಸ್ತಕಗಳನ್ನೆಲ್ಲ ನಕಲು ಮಾಡಿಟ್ಕೋಬೇಕು, ಇಲ್ಲಾಂದ್ರೆ ಅವೂ ಕೈ ಬಿಡಬಹುದು."

ದಿನಾ ಬಂದ. ಡ್ರೈವರ್ ತೆಗೆದ, ಹಾಕಿದ. ಕೇಬಲ್ ಬದಲಿಸಿದ. ಪ್ರತಿಸಲ ಅದೇ ಸಾಲು ಕಳಿಸಿದ, ಪ್ರತಿಸಲ ಪ್ರಿಂಟರು ಅರ್ಥವಿಲ್ಲದ ಚುಕ್ಕಿಗಳನ್ನು ಉಗುಳಿತು. ಚುಕ್ಕಿ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಪೆನ್ಸಿಲಿನ ಹಿಂಬದಿಯನ್ನು ಕಚ್ಚಿ ಕಚ್ಚಿ ನಾರು ಮಾಡಿದಳು.

"ಪೆನ್ಸಿಲ್ ಊಟ ಆಯ್ತಾ?" ಅನ್ನುತ್ತಲೇ ಅವನು ಒಳಗೆ ಬರುತ್ತಿದ್ದ.

"ನಿಮ್ಮ ತಲೆ ಬಾಕಿ ಇದೆ. ತಿನ್ನಲಾ?"

"ಅದರಲ್ಲಿ ಏನೂ ಇಲ್ಲ ಅಂತ ನಮ್ಮಮ್ಮ ಹೇಳ್ತಾಳೆ. ಹೊಟ್ಟೆ ತುಂಬಲ್ಲ."

ಕಾಯುವ ಹೊತ್ತಿನಲ್ಲಿ ಅವಳು ಅವನಿಗೆ ಒಂದೊಂದೇ ಬ್ರೈಲ್ ಅಕ್ಷರ ಹೇಳಿಕೊಟ್ಟಳು. ಮಾತಿನ ನಡುವೆ ಹಳೇ ಕಂಪ್ಯೂಟರಿನ ಕಥೆಯೂ ಬಂತು. ಇಂಟರ್ನೆಟ್ಟಿನ ಗಾಳಿಯೇ ಸೋಕದ ಪೆಟ್ಟಿಗೆ ಅದು, ಆರು ತಿಂಗಳ ಹಿಂದೆ ಗುಜರಿಗೆ ಹೋಯಿತು. ನಾಲ್ಕನೇ ದಿನದ ಹೊತ್ತಿಗೆ ಹೊರಗಿನ ಹಾದಿಯಲ್ಲಿ ಬರುವ ನೂರು ಹೆಜ್ಜೆಗಳ ನಡುವೆ ಅವನ ಚಪ್ಪಲಿ ಸದ್ದು ಯಾವುದೆಂದು ಅವಳಿಗೆ ಗೊತ್ತಾಗತೊಡಗಿತ್ತು.

*ಪ್ರಿಂಟರ್ ಸರಿಹೋದ ಮೇಲೆ ಇವನು ಯಾಕೆ ಬರ್ತಾನೆ?* ಅನ್ನಿಸಿದಾಗ ಪೆನ್ಸಿಲಿಗೆ ಇನ್ನೊಂದು ಕಚ್ಚು ಬಿತ್ತು.

ಆರನೇ ದಿನ ಅವನು ಬರಲಿಲ್ಲ, ಬೇರೆಲ್ಲೋ ಕೆಲಸವಿತ್ತು. ಏಳನೇ ದಿನ ಬಂದವನೇ, "ಇವತ್ತು ವಾಪಸ್ ಹೋಗೇಬಿಡೋಣ" ಎಂದು ಕೂತ. ಎರಡು ನಿಮಿಷಕ್ಕೆ ಅವನ ಕೈ ನಿಂತುಹೋಯಿತು.

ವಾಪಸ್ ಹೋಗುವ ಗುಂಡಿ ಇರಲೇ ಇಲ್ಲ. "ಹಳೇದು ಪೂರ್ತಿ ಅಳಿಸಿಹೋಗಿದೆ!" ಎಂದ.

ಅದೇ ಹೊತ್ತಿಗೆ ಹೆಡ್‌ಮೇಡಂ ಬಾಗಿಲಲ್ಲಿ ನಿಂತಿದ್ದರು. "ಅಳಿಸಿದ್ದು ಯಾರು?"

ಅವನು ಒಮ್ಮೆ ಚುಕ್ಕಿಯ ಮುಖ ನೋಡಿದ. ಅಲ್ಲಿ ಬರೀ ದಿಗಿಲಿತ್ತು.

"ನಾನೇ ಮೇಡಂ. ನನ್ನಿಂದಲೇ ತಪ್ಪಾಯ್ತು."

ಮೇಡಂ ಹೋದರು. ಚುಕ್ಕಿ ಅವನ ಕಡೆ ತಿರುಗಿದಳು. "ಹನ್ನೆರಡು ಮಕ್ಕಳು... ಗೊತ್ತಾಗತ್ತಾ ನಿಮಗೆ? ಆರಾಮಾಗಿ ಜೋಕ್ ಹೊಡ್ಕೊಂಡು, ಇದ್ದ ಒಂದು ಬಾಗಿಲನ್ನೂ ಮುಚ್ಚಿಬಿಟ್ರಲ್ಲ! ಹೋಗಿ. ಇನ್ನು ಬರಬೇಡಿ."

ಅವನು ಎದ್ದು ಹೊರಟ. ಚಪ್ಪಲಿ ಸದ್ದು ಹಾದಿಯ ಕೊನೆಯವರೆಗೂ ಹೋಗಿ ಆರಿತು.

ಎಂಟನೇ ದಿನ ಹತ್ತನೇ ತರಗತಿಯ ಗಿಣಿ ಗೋಡೆ ಹಿಡಿದುಕೊಂಡು ಬಂದಳು. ಬಾಯಿ ಸುಮ್ಮನಿರದ ಹುಡುಗಿ, ಅದಕ್ಕೇ ಗಿಣಿ.

"ಅಕ್ಕಾ, ಸದ್ದೇ ಇಲ್ವಲ್ಲ... ಪುಸ್ತಕ ಬರಲ್ವಾ?"

"ಬರುತ್ತೆ ಕಣೇ."

"ನಿನ್ನ ದನಿ ಹಾಗನ್ನಲ್ಲ." ಅವಳು ತಡಕಾಡಿ ಚುಕ್ಕಿಯ ಕೈ ಹಿಡಿದಳು. "ಆ ಜೋಕ್ ಅಣ್ಣನೂ ಬರ್ತಿಲ್ಲ."

ಒಂಬತ್ತನೇ ದಿನ, ಮಾಡಲು ಏನೂ ತೋಚದೆ ಚುಕ್ಕಿ ತನ್ನ ಕೆಲಸದ ಪುಸ್ತಕ ತಿರುವಿದಳು. ಮಾಡಿದ ಪ್ರತಿಯೊಂದನ್ನೂ ಬರೆದಿಡುವುದು ಅವಳ ಅಭ್ಯಾಸ. ಆರನೇ ದಿನದ ಕೆಳಗೆ ಅವಳದೇ ದುಂಡಗಿನ ಅಕ್ಷರ:

'ಡಿಸ್ಕ್ ತುಂಬಿದೆ ಎಂಬ ಎಚ್ಚರಿಕೆ. ನಕಲು ಬೇಗ ಆಗಲೆಂದು ಜಾಗ ಮಾಡಿದೆ. ತಾತ್ಕಾಲಿಕ ಫೈಲ್, ಕಸದ ಬುಟ್ಟಿ, ಹಿಂದಿನ ಆವೃತ್ತಿಯ ಫೈಲ್, ಎಲ್ಲ ಅಳಿಸಿದೆ.'

ಹಿಂದಿನ ಆವೃತ್ತಿಯ ಫೈಲ್!

ಹಳೆಯದು, ಬೇಡದ್ದು ಎಂದುಕೊಂಡು ತಾನೇ ಅಳಿಸಿದ್ದಳು. ಅದೇ ಆ ಹಿಂಬಾಗಿಲು ಎಂದು ಅವಳಿಗೆ ತಿಳಿದಿರಲಿಲ್ಲ. ಆದರೆ ಆ ಕಂಪ್ಯೂಟರ್ ಮುಟ್ಟುವವರು ಇಬ್ಬರೇ, ಅವನಿಗೆ ಅವತ್ತೇ ತಿಳಿದಿತ್ತು!

*ನನ್ನ ತಪ್ಪನ್ನ ತನ್ನ ಮೈಮೇಲೆ ಹಾಕ್ಕೊಂಡ... ನಾನು ಬೈದು ಅಟ್ಟಿದೆ!*

ಓಡಿಹೋಗಿ ಹೆಡ್‌ಮೇಡಂ ಮುಂದೆ ನಿಂತಳು. "ಅಳಿಸಿದ್ದು ನಾನು ಮೇಡಂ. ಅವರಲ್ಲ." ಮೇಡಂ ಕನ್ನಡಕ ತೆಗೆದಿಟ್ಟರು. "ಅದನ್ನ ಅವರಿಗೂ ಹೇಳು" ಎಂದರು.

ಹೇಳುವುದು ಹೇಗೆ? ಹನ್ನೊಂದು ಸಲ ಫೋನ್ ಮಾಡಿದಳು. ಸ್ವಿಚ್ ಆಫ್.

ಹತ್ತನೇ ದಿನ ಬೆಳಿಗ್ಗೆ ಹಾದಿಯಲ್ಲಿ ಆ ಚಪ್ಪಲಿ ಸದ್ದು! ಯಾಕೋ ಭಾರವಾಗಿ, ಎಳೆದೆಳೆದು...

ಬಾಗಿಲಲ್ಲಿ ಅವನು. ಹೆಗಲ ಮೇಲೆ ಧೂಳು ಹಿಡಿದ ಪೆಟ್ಟಿಗೆ. ಅದರ ಬದಿಯಲ್ಲಿ ಶಾಲೆಯ ಹೆಸರಿನ ಹರಿದ ಚೀಟಿ.

"ಏಳು ಗುಜರಿ ಅಂಗಡಿ ಸುತ್ತಿದೆ" ಎಂದ ಏದುಸಿರು ಬಿಡುತ್ತ. "ಏಳನೆಯವನು ಇದರ ಮೇಲೆ ಕೂತು ಊಟ ಮಾಡ್ತಿದ್ದ. ನಿಮ್ಮ ಹಳೇ ಕಂಪ್ಯೂಟರ್. ದುಭಾಷಿ ಇದರ ಹೊಟ್ಟೇಲಿ ಹಾಗೇ ಇದ್ದಾನೆ. ಇವನನ್ನ ಇಂಟರ್ನೆಟ್ ಹತ್ರ ಬಿಡಬೇಡಿ, ಅಷ್ಟೇ."

"ಫೋನ್ ಯಾಕೆ ಆಫ್?"

"ಚಾರ್ಜ್ ಮಾಡೋಕೆ ಎಲ್ಲಿ ಕೂತೆ?"

"ಅಳಿಸಿದ್ದು ನಾನು." ಅವಳ ಕಣ್ಣು ತುಂಬಿತು. "ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ?"

"ನನಗಾದ್ರೆ ಹತ್ತು ಕಡೆ ಕೆಲಸ ಇದೆ. ನಿಮಗೆ ಇರೋದು ಇದೊಂದೇ ಕೋಣೆ." ಅವನು ತಲೆ ತಗ್ಗಿಸಿ ಕೇಬಲ್ ಸಿಕ್ಕಿಸಿದ. "ಮೊದಲು ಪರೀಕ್ಷೆ ಮಾಡೋಣ. ಅದೇ ಸಾಲು."

ಟಕ್. ಟಕಟಕ. ಟಕ್.

ಹಾಳೆ ಹೊರಬಂತು. ಚುಕ್ಕಿ ಕಣ್ಣು ಮುಚ್ಚಿ ಬೆರಳಿಟ್ಟಳು. ಈ ಸಲ ಚುಕ್ಕಿಗಳು ಅಕ್ಷರಗಳಾದವು, ಅಕ್ಷರಗಳು ಮಾತಾದವು.

'ನೀವು ಒಂದ್ಸಲ ನಗ್ತೀರಾ?'

"ಇದು... ಮೊದಲ ದಿನದಿಂದಲೂ?"

"ಮೊದಲ ದಿನದಿಂದಲೂ. ನಿಮ್ಮ ಪ್ರಿಂಟರ್ ನನ್ನ ಮರ್ಯಾದೆ ಕಾಪಾಡ್ತಿತ್ತು."

ಅವಳು ನಕ್ಕಳು. ಅಳುತ್ತಲೇ ನಕ್ಕಳು!

"ಅಕ್ಕಾ! ಸದ್ದು!" ದೂರದ ತರಗತಿಯಿಂದ ಗಿಣಿ ಕೂಗಿದ್ದು ಕೇಳಿತು.

ನಕಲು ಮಾಡಿಟ್ಟ ಪುಸ್ತಕವನ್ನು ಹಳೇ ಪೆಟ್ಟಿಗೆಗೆ ತುಂಬಿದ ಮೇಲೆ ಇಡೀ ದಿನ ಪ್ರಿಂಟರು ನಿಲ್ಲಲಿಲ್ಲ. ಅವನು ಹಾಳೆ ಜೋಡಿಸಿದ, ಅವಳು ಹೊಲಿದಳು. ಇಳಿಹೊತ್ತಿಗೆ ಹನ್ನೆರಡನೆಯ ಪುಸ್ತಕ ಗಿಣಿಯ ಮಡಿಲಲ್ಲಿತ್ತು. ಅವಳು ಅದನ್ನು ಅವಚಿಕೊಂಡು ಬಾಗಿಲವರೆಗೆ ಹೋದವಳು ನಿಂತಳು.

"ಹನ್ನೆರಡೂ ಆಯ್ತಲ್ಲ? ಮತ್ತೆ ಯಾಕೆ ಟಕಟಕ?"

"ಒಂದು ಹಾಳೆ ಬಾಕಿ ಇತ್ತು ಕಣೇ. ಹೋಗು, ಓದ್ಕೋ."

ಚುಕ್ಕಿ ಆ ಹಾಳೆಯನ್ನು ಅವನ ಮುಂದಿಟ್ಟಳು. ಅವನು ಕಣ್ಣು ಮುಚ್ಚಿ ಬೆರಳಿಟ್ಟ, ಒಂದನೇ ತರಗತಿಯ ಮಗುವಿನ ಹಾಗೆ.

"ನಾ... ಳೆ..." ಅವನ ಮುಖ ಬಾಡಿತು. "ನಾಳೆ? ಆರು ತಿಂಗಳು ಕಾಯಬೇಕಾ?"

"ಪೂರ್ತಿ ಓದಿ." ಅವಳು ಅವನ ಬೆರಳು ಹಿಡಿದು ಮುಂದಕ್ಕೆ ಸರಿಸಿದಳು.

"...ಬಾ... ಅ... ನ್ನ... ಲ್ಲ."

"ಹೂಂ" ಎಂದಳು ಚುಕ್ಕಿ, ಬೆರಳು ಬಿಡದೆ. "ನಿಮಗೆ ಮಾತ್ರ."