ಕರಿಮರದ ಬಿಳಿ ಸುರುಳಿ

“ಅಳಿಯಂದ್ರೇ, ಆ ಪಿಟೀಲು ಮಾತ್ರ ಮುಟ್ಬೇಡಿ. ಅದರ ಹಲಗೇಲಿ ಮಾಟ ಇದೆ,” ಎಂದರು ಮಾವ.

“ಮಾಟ ಅಲ್ಲ ಮಾವ, ಸವಕಲು. ಅರ್ಧ ಗಂಟೆ ಕೆಲಸ!”

ವಾದ್ಯ ರಿಪೇರಿಯ ಆ ಅಂಗಡಿಗೆ ಅಳಿಯ ಬಂದು ತಿಂಗಳಾಗಿರಲಿಲ್ಲ. ಜಂಬ ಮಾತ್ರ ನೂರು ವರ್ಷದ್ದು. ಅವನ ಬೆರಳುಗಳೇನು ಸಾಮಾನ್ಯವೇ? ಏಳು ಕಾಗದದ ಕೆಳಗಿಟ್ಟ ಕೂದಲನ್ನು ಪತ್ತೆ ಹಚ್ಚುತ್ತಿದ್ದವು. ನಿನ್ನೆ ಇರುವೆ ನಡೆದ ದಾರಿಯನ್ನು ಇಂದು ತಡವಿ ತೋರಿಸುತ್ತಿದ್ದವು. ಆ ಬೆಳಿಗ್ಗೆಯಷ್ಟೇ ತೊಟ್ಟಿಲ ಮಗಳ ಹಣೆ ಮುಟ್ಟಿ, “ಜ್ವರ ಎಳ್ಳಷ್ಟು ಇಳಿದಿದೆ ಕಣೇ,” ಎಂದು ಹೆಂಡತಿಗೆ ಹೇಳಿದ್ದ. ಥರ್ಮಾಮೀಟರು ನಾಚಿ ಕಪಾಟು ಸೇರಿತ್ತು.

ತಂತಿಗಳನ್ನೆಲ್ಲ ಬಿಚ್ಚಿದ. ಬೆರಳೊತ್ತುವ ಕರಿಮರದ ಹಲಗೆಯಲ್ಲಿ ನಾಲ್ಕು ಗುಳಿ.

“ನುಡಿಸ್ತಿದ್ದ ಹೆಂಗಸಿನ ಮೇಲೆ ಯಾರೋ ಹೊಟ್ಟೆಕಿಚ್ಚಿಗೆ ಮಾಡಿಸಿದ್ದು,” ಮಾವ ಬಾಗಿಲತ್ತ ಸರಿದರು. “ಜನ ಹಲಗೆ ಸವೀತಿದೆ ಅಂದ್ಕೊಂಡ್ರು. ಸವೆದದ್ದು ಅವಳು.”

“ಪಾಪ, ಸ್ವಲ್ಪ ಪಾಲಿಶ್ ಹಾಕಿಸ್ಕೋಬೇಕಿತ್ತು!”

ಮರ ಹೆರೆಯುವ ಉಜ್ಜುಗೊರಡು ಹಿಡಿದು ಕಣ್ಣು ಮುಚ್ಚಿದ. ಈ ಕೆಲಸಕ್ಕೆ ಕಣ್ಣು ಬೇಕಾಗುವುದು ಮಾವನಂಥವರಿಗೆ!

ಸರ್... ಸರ್... ಸುಟ್ಟ ಉಗುರಿನ ವಾಸನೆ ಮೂಗಿಗೆ ಅಡರಿತು. ಒಲೆಯ ಮೇಲಿನ ಗೋಂದಿನ ಪಾತ್ರೆ ಸೀದಿರಬೇಕು. ಮಣಿಕಟ್ಟಿನ ಮೇಲೆ ಉದುರಿದ ಸುರುಳಿಗಳು ಯಾಕೋ ಬೆಚ್ಚಗಿದ್ದವು. ಹಲಗೆ ತಡವಿದ. ಗುಳಿ ಇನ್ನೂ ಇದೆ. ಮತ್ತೆ ಉಜ್ಜಿದ. ತಡವಿದ. ತುಸು ಇದೆ. ಮತ್ತೊಮ್ಮೆ. ಈಗ ಇಲ್ಲ!

“ಬನ್ನಿ ಮಾವ, ಮುಖ ನೋಡ್ಕೊಳ್ಳಿ. ಕನ್ನಡಿ ಮಾಡಿಟ್ಟಿದೀನಿ.”

ಮಾವ ಬರಲಿಲ್ಲ. ಬಾಗಿಲಲ್ಲೇ ನಿಂತು ಪಿಸುಗುಟ್ಟಿದರು: “ಅದು ಕರಿಮರ ಅಲ್ವಾ? ಸುರುಳಿ ಯಾಕೆ ಬೆಳ್ಳಗಿದೆ?”

ಕಣ್ಣು ಬಿಟ್ಟ. ನಾಲ್ಕೂ ಗುಳಿ ಹಾಗೇ ಇವೆ. ಅಂಗೈ ತಿರುಗಿಸಿದ. ರಕ್ತವಿಲ್ಲ. ನೋವಿಲ್ಲ. ಬೆರಳ ಗೆರೆಗಳೂ ಇಲ್ಲ. ಹತ್ತೂ ಬೆರಳ ತುದಿ ಚಪ್ಪಟೆ, ನುಣುಪು. ಗೊರಡು ತಾನಾಗಿಯೇ ಕದಲಿತು. ಸರ್. ಅಂಗೈಯತ್ತ ಬಂತು. ಸರ್. ಮಾವ ನುಗ್ಗಿ ಗೊರಡನ್ನು ಕಿತ್ತು ಬೀದಿಗೆಸೆದರು.

ಅಂಗೈ ಉಳಿಯಿತು.

ಹಿಂದಿನ ಕೋಣೆಯಿಂದ ಹೆಂಡತಿ ಕೂಗಿದಳು. “ರೀ, ಮಗು ಕಣ್ಣೇ ಬಿಡ್ತಿಲ್ಲ. ಜ್ವರ ಏರಿದ್ಯಾ ನೋಡ್ರೀ. ನಂಗೆ ಗೊತ್ತಾಗ್ತಿಲ್ಲ.”

ಓಡಿಹೋಗಿ ಹಣೆ ಮುಟ್ಟಿದ. ಕೆನ್ನೆ ಒತ್ತಿದ. ತೊಟ್ಟಿಲ ಅಂಚು ಹಿಡಿದ. ಬೆರಳಿಗೆ ಮರವೂ ಒಂದೇ, ಮಗಳೂ ಒಂದೇ.

“ಹೇಳ್ರೀ!”

ಗೋಡೆಯಾಚೆ, ಒಂದು ತಂತಿಯೂ ಇಲ್ಲದ ಪಿಟೀಲು ಮೆಲ್ಲನೆ ನುಡಿಯತೊಡಗಿತು. ಕೂದಲೆಳೆಯಷ್ಟೂ ಅಪಸ್ವರವಿರಲಿಲ್ಲ.